ಸೇತುವೆಯಾಚೆಯ ಮುಖ

ಬೆಳಗ್ಗೆ ಹತ್ತಕ್ಕೆ ಬಾಗಿಲು ಬಡಿದ ಹೆಂಗಸು ಒಳಗೆ ಬಂದವಳೇ ತಾನೇ ಚಿಲಕ ಹಾಕಿದಳು. ಆಮೇಲೆ ಕಿಟಕಿಯ ಪರದೆ ಎಳೆದಳು. ಇದು ಬೇರೆಯವರ ಮನೆ ಎಂಬುದು ಆಗ ನೆನಪಾದಂತೆ, "ಕ್ಷಮಿಸಿ, ಯಾರೋ ಹಿಂದೆ ಬರ್ತಿದ್ದಾರೆ ಅನ್ನಿಸ್ತು," ಎಂದಳು.

"ಯಾರೂ ಬಂದಿಲ್ಲ. ಮೆಟ್ಟಿಲ ಮೇಲೆ ಒಂದೇ ಜೊತೆ ಚಪ್ಪಲಿಯ ಸದ್ದು ಕೇಳಿಸ್ತು," ಎಂದಳು ನನ್ನ ದೊಡ್ಡಮ್ಮ. "ಕೂತ್ಕೊಳ್ಳಮ್ಮ."

ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಗುರುತಿಲ್ಲದವರ ದನಿ ಕೇಳಿದವಳು. ನಿವೃತ್ತಿಯಾದ ಮೇಲೆ ಆ ಕಿವಿಯನ್ನೇ ನಂಬಿಕೊಂಡು ಜನ ನಮ್ಮ ಮೂರನೇ ಮಹಡಿಗೆ ಹತ್ತಿ ಬರುತ್ತಿದ್ದರು. ಅವಳ ತಂಗಿಯ ಮಗಳಾದ ನಾನು ಜೊತೆಗಿದ್ದು ಎಲ್ಲವನ್ನೂ ಬರೆದಿಡುತ್ತಿದ್ದೆ.

ಬಂದವಳು ಒಂದು ಸಣ್ಣ ವಿಡಿಯೋ ಗೇಮ್ ಆಫೀಸಿನ ಒಡತಿ. "'ಸಿಡಿಲರಾಯ' ಅಂತ ಒಂದು ಸೂಪರ್‌ಹೀರೋ ಆಟ," ಎಂದಳು. "ಟಿವಿಗೆ ಜೋಡಿಸಿ ಆಡೋ ಕನ್ಸೋಲ್‌ನಲ್ಲಿ ತುಂಬಾ ಹೆಸರು ಮಾಡಿತ್ತು. ಅದನ್ನ ಕಂಪ್ಯೂಟರಿಗೆ ತರೋ ಕೆಲಸ ನಮಗೆ ಸಿಕ್ಕಿತು. ತಂದ್ವಿ. ಕೆಟ್ಟದಾಗಿ ತಂದ್ವಿ."

"ಅಂದ್ರೆ?"

"ಅರ್ಧ ದಾರೀಲಿ ಒಂದು ಸೇತುವೆ ಬರುತ್ತೆ. ಸಿಡಿಲರಾಯ ಅದರ ಮೇಲೆ ಕಾಲಿಟ್ಟ ಕೂಡಲೇ ಆಟ ನಿಂತೇ ಹೋಗುತ್ತೆ. ಎಲ್ಲರ ಕಂಪ್ಯೂಟರಲ್ಲೂ ಅದೇ ಕತೆ. ಬಿಡುಗಡೆಯಾಗಿ ಹನ್ನೆರಡು ದಿನ ಆಯ್ತು, ಕೊಂಡವರಲ್ಲಿ ಸೇತುವೆ ದಾಟಿದವರು ಒಬ್ಬರೂ ಇಲ್ಲ. ಬೈಗುಳದ ಪತ್ರ ರಾಶಿ ಬಿದ್ದಿದೆ. ಬೈದ್ರೆ ಬೈಯಲಿ, ತಪ್ಪು ನಮ್ಮದೇ. ಆದ್ರೆ ಮೊನ್ನೆ ಮಧ್ಯಾಹ್ನ..." ಅವಳು ಕೈಚೀಲವನ್ನು ಹತ್ತಿರ ಎಳೆದುಕೊಂಡಳು. "ಆಟ ಪರೀಕ್ಷೆ ಮಾಡೋ ನಮ್ಮ ಪರೀಕ್ಷಕರು ಹಿಂದಿನ ಮೆಟ್ಟಿಲ ಬುಡದಲ್ಲಿ ಬಿದ್ದಿದ್ರು. ತಲೆಗೆ ಪೆಟ್ಟು, ಇನ್ನೂ ಎಚ್ಚರ ಬಂದಿಲ್ಲ. ಹಿಂಬಾಗಿಲು ತೆರೆದಿತ್ತು. ಅವರ ಎದೆ ಮೇಲೆ ಒಂದು ಚಿತ್ರ ಇಟ್ಟಿದ್ರು. ಅದೀಗ ಪೊಲೀಸರ ಹತ್ರ ಇದೆ. ಅಂಥದ್ದೇ ಇನ್ನೊಂದು ಇವತ್ತು ನನ್ನ ಕೈಚೀಲದಲ್ಲಿ ಸಿಕ್ತು."

ಅವಳು ಮೇಜಿನ ಮೇಲೆ ಹರಡಿದ ಕಾಗದ ನೋಡಿ ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಪೂರಾ ಕಪ್ಪು. ಆ ಕಪ್ಪಿನ ನಡುವೆ ಅಗಲವಾಗಿ ತೆರೆದ ಎರಡು ಕಣ್ಣು, ಕೆಳಗೆ ಒಂದು ಸಾಲು ಹಲ್ಲು. ಮೂಗಿಲ್ಲ, ಕೆನ್ನೆಯಿಲ್ಲ, ತುಟಿಯಿಲ್ಲ. ಅಡಿಯಲ್ಲಿ ಅಚ್ಚಿನ ಅಕ್ಷರಗಳಲ್ಲಿ, "ಮುಂದಿನ ಸರದಿ ನಿಮ್ಮದು."

"ನಿನ್ನೆ ಚೀಲ ಎಲ್ಲಿತ್ತು?" ಎಂದು ದೊಡ್ಡಮ್ಮ ಕೇಳಿದಳು.

"ಇಡೀ ದಿನ ಆಫೀಸಿನ ಮೇಜಿನ ಮೇಲೆ. ನನ್ನ ತಮ್ಮ ಹೇಳ್ತಿದ್ದಾನೆ, ಯಾರೋ ಹುಚ್ಚು ಗಿರಾಕಿ ಒಳಗೆ ಬಂದುಹೋಗ್ತಿದ್ದಾನೆ, ಆಫೀಸು ಮುಚ್ಚಿ ಒಂದು ತಿಂಗಳು ಎಲ್ಲಾದ್ರೂ ಹೋಗೋಣ ಅಂತ. ನನಗೂ ಓಡಿಹೋಗೋಣ ಅನ್ನಿಸಿದೆ."

ದೊಡ್ಡಮ್ಮ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. "ಇದರ ಮೇಲಂಚು ನೋಡೇ," ಎಂದು ನನಗೆ ತೋರಿಸಿದಳು. ಮಾಮೂಲಿ ಹಾಳೆಗಿಂತ ಇದು ನಾಲ್ಕು ಬೆರಳು ಗಿಡ್ಡ. ಮೇಲ್ಭಾಗವನ್ನು ಕತ್ತರಿಯಿಂದ ಕತ್ತರಿಸಿದ್ದರು. ಅಂಚಿನಲ್ಲಿ ಎರಡು ಪುಟ್ಟ ಗುರುತು ಉಳಿದಿದ್ದವು: ಒಂದು ಪ ಒತ್ತು, ಸ್ವಲ್ಪ ದೂರದಲ್ಲಿ ಒಂದು ಯ ಒತ್ತು. ಮೇಲಿದ್ದ ಅಕ್ಷರಗಳು ಹೋಗಿ ಒತ್ತುಗಳಷ್ಟೇ ಉಳಿದಿದ್ದವು.

ಮಧ್ಯಾಹ್ನ ಆಫೀಸಿಗೆ ಹೋದೆವು. ಅಲ್ಲಿದ್ದ ಮೂವರೂ ಬೆನ್ನು ಗೋಡೆಗೆ ತಾಗುವಂತೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಮುದ್ರಣಯಂತ್ರ ಒಮ್ಮೆ ಕಿರ್ರೆಂದದ್ದಕ್ಕೆ ಎಲ್ಲರೂ ಬೆಚ್ಚಿಬಿದ್ದರು. ಕಾಗದದ ಅಡಿಬರಹವನ್ನು ಹಿಂದಕ್ಕೆ ಮಡಚಿ, ಚಿತ್ರವನ್ನಷ್ಟೇ ದೊಡ್ಡಮ್ಮ ಒಬ್ಬೊಬ್ಬರಿಗೇ ತೋರಿಸಿದಳು.

ಆಟದ ಮುಖಗಳನ್ನು ಬಿಡಿಸುವ ಚಿತ್ರಗಾತಿ ಅದನ್ನು ನೋಡಿ ಕೂಗಿಯೇಬಿಟ್ಟಳು. "ಈ ಕಣ್ಣು, ಈ ಹಲ್ಲು ನಾನು ಬಿಡಿಸಿದ್ದು! ಇದು ಸಿಡಿಲರಾಯಂದು! ಮುಖ ಎಲ್ಲಿ ಹೋಯ್ತು?"

ಉಗುರು ಕಚ್ಚುತ್ತಿದ್ದ ಪ್ರೋಗ್ರಾಮರ್ ಕಾಗದವನ್ನು ಆಚೀಚೆ ತಿರುಗಿಸಿ ನೋಡಿದ. "ಸೇತುವೆ ಸರಿಮಾಡೋದ್ರಲ್ಲೇ ನನ್ನ ಜೀವ ಹೋಗ್ತಿದೆ. ಇದು ಯಾವ ಜಾಗದ್ದೋ ಗೊತ್ತಿಲ್ಲಮ್ಮ," ಎಂದ.

ಮೂರನೆಯವನು ಒಡತಿಯ ತಮ್ಮ. ಪ್ರಚಾರವೂ ಅಂಗಡಿಯವರ ಜೊತೆಗಿನ ಮಾತುಕತೆಯೂ ಅವನದು. "ನಾನು ಮಾತಾಡಿ ಮಾರೋನು ಅಷ್ಟೇ ಅಮ್ಮ. ಈ ಆಟ ಒಂದು ಸಲಾನೂ ಮುಟ್ಟಿಲ್ಲ," ಎಂದು ಮುಖ ತಿರುಗಿಸಿದ. "ತೆಗೀರಿ ಅದನ್ನ. ಗೋಪುರದ ಮೇಲೆ ಈ ಮುಖ ನಿಂತಿರೋದು ನೆನೆಸಿಕೊಂಡ್ರೆ ನನಗೆ ಊಟ ಸೇರಲ್ಲ. ಅಕ್ಕನ್ನ ಕರ್ಕೊಂಡು ಹೊರಟುಬಿಡ್ತೀನಿ."

ದೊಡ್ಡಮ್ಮ ಕಾಗದವನ್ನು ಮಡಚಿಟ್ಟುಕೊಂಡಳು. ಗಿರಾಕಿಗಳ ಪತ್ರಗಳನ್ನು ತರಿಸಿ ನನ್ನ ಕೈಲಿ ಓದಿಸಿದಳು. ನಲವತ್ತಕ್ಕೂ ಹೆಚ್ಚು ಪತ್ರ, ಎಲ್ಲದರಲ್ಲೂ ಸೇತುವೆ. ಆಮೇಲೆ ಪರೀಕ್ಷಕರ ಮೇಜಿನ ಹಳೆಯ ಹಾಳೆಗಳನ್ನು ತಿರುವಿದಳು. ಕೊನೆಗೆ ಪ್ರೋಗ್ರಾಮರನನ್ನು ಕರೆದು, "ಸೇತುವೆ ಬಿಟ್ಟು ಮುಂದಕ್ಕೆ ಹೋಗೋಕಾಗುತ್ತಾ?" ಎಂದು ಕೇಳಿದಳು.

"ಪರೀಕ್ಷೆಯ ಯಂತ್ರದಲ್ಲಿ ಮಾತ್ರ ಆಗುತ್ತೆ. ಬೇಕಾದ ಘಟ್ಟಕ್ಕೆ ನೇರ ಜಿಗೀಬಹುದು. ಆದ್ರೆ ಅದರಲ್ಲಿ ಆಡ್ತಿದ್ದೋರು ಪರೀಕ್ಷಕರೊಬ್ಬರೇ."

"ಎಲ್ಲರನ್ನೂ ಕರೀರಿ."

ಐದು ಗಂಟೆಗೆ ಆರೂ ಜನ ಪರೀಕ್ಷೆಯ ಕೋಣೆ ಸೇರಿದೆವು. ಪ್ರೋಗ್ರಾಮರ್ ಒಂದೊಂದೇ ಘಟ್ಟ ತೆರೆದ. ಬಂದರು, ಸುರಂಗ, ಕಾರ್ಖಾನೆ, ಎಲ್ಲೆಡೆಯೂ ಸಿಡಿಲರಾಯ ನೆಟ್ಟಗಿದ್ದ. ಕೊನೆಯದು ಗಡಿಯಾರದ ಗೋಪುರ. ಕಪ್ಪು ಆಕಾಶದಡಿ ಗೋಪುರದ ತುದಿಯಲ್ಲಿ ಮೇಲಂಗಿ ಹಾರುತ್ತಿತ್ತು. ಕೊರಳಿನ ಮೇಲೆ ಏನೂ ಇರಲಿಲ್ಲ. ಆ ಖಾಲಿಯಲ್ಲಿ ಎರಡು ಕಣ್ಣು ಹೊರಳಿ ನಮ್ಮ ಕಡೆ ನೋಡಿದವು. ಹಲ್ಲಿನ ಸಾಲು ಬಾಯಿ ತೆರೆದಂತೆ ಎರಡಾಯಿತು. ನಾನು ದೊಡ್ಡಮ್ಮನ ತೋಳು ಹಿಡಿದುಕೊಂಡೆ. ಅವಳ ತೋಳೂ ತಣ್ಣಗಿತ್ತು.

"ನಿಲ್ಲಿಸಪ್ಪ," ಎಂದಳು ಅವಳು. "ಈಗ ಕೇಳಿ. ಈ ಮುಖ ಆಟದ ಇನ್ನೊಂದು ತಪ್ಪು, ಸೇತುವೆಯ ಆಚೆ ಇದೆ. ಕೊಂಡವರು ಯಾರೂ ಸೇತುವೆ ದಾಟಿಲ್ಲ, ಒಂದು ಪತ್ರದಲ್ಲೂ ಇದರ ಸುದ್ದಿ ಇಲ್ಲ. ಕನ್ಸೋಲ್‌ನಲ್ಲಿ ಆಡಿದವರಿಗೆ ಮುಖ ಸರಿಯಾಗೇ ಕಂಡಿತ್ತು. ಹಾಗಾಗಿ ಹೊರಗಿನ ಗಿರಾಕಿಗೆ ಈ ಚಿತ್ರ ಸಿಗೋ ದಾರಿಯೇ ಇಲ್ಲ."

ಅವಳು ಪರೀಕ್ಷಕರ ಹಳೆಯ ಹಾಳೆಯೊಂದನ್ನು ಆ ಕಾಗದದ ಪಕ್ಕದಲ್ಲಿಟ್ಟಳು. ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ 'ತಪ್ಪು ಸಂಖ್ಯೆ' ಎಂದಿತ್ತು. "ಇವರು ಪ್ರತಿ ಹಾಳೆಗೂ ಇದೇ ತಲೆಬರಹ ಹಾಕ್ತಿದ್ರು. ಪ ಒತ್ತು, ಯ ಒತ್ತು. ಅಳೆದು ನೋಡಿ, ಅಷ್ಟೇ ಅಂತರ. ಚಿತ್ರ ಬಂದಿದ್ದು ಪರೀಕ್ಷಕರ ವರದಿಯಿಂದ. ಆ ವರದಿ ಯಾರ ಕೈಲಿತ್ತು? ಚಿತ್ರಗಾತಿಗೆ ಅದು ತನ್ನದೇ ಕೆಲಸ ಅಂತ ಗೊತ್ತಾಯ್ತು, ಜಾಗ ಗೊತ್ತಾಗಲಿಲ್ಲ. ಪ್ರೋಗ್ರಾಮರಿಗೂ ಗೊತ್ತಾಗಲಿಲ್ಲ, ಈಗಷ್ಟೇ ಒಂದೊಂದೇ ಘಟ್ಟ ಹುಡುಕಿದ್ದನ್ನ ನೀವೇ ನೋಡಿದ್ರಿ. ಕಾಗದದಲ್ಲಿ ಬರೀ ಕಪ್ಪು ಬಣ್ಣ. ಅದರಲ್ಲಿ ಗೋಪುರ ಕಂಡಿದ್ದು ಒಬ್ಬನಿಗೇ."

ಎಲ್ಲರೂ ಒಡತಿಯ ತಮ್ಮನ ಕಡೆ ತಿರುಗಿದರು.

"ಅಯ್ಯೋ, ಪರೀಕ್ಷಕರೇ ತೋರಿಸಿದ್ರು!" ಎಂದು ಅವನು ಅವಸರದಲ್ಲಿ ಹೇಳಿದ. "ಅದಕ್ಕೇ ಗೊತ್ತು!"

"ಯಾವಾಗ?"

"ಬಿಡುಗಡೆಯ ಹಿಂದಿನ ದಿನ."

"ಸೇತುವೆ ವಿಷಯಾನೂ ಆಗಲೇ ಹೇಳಿರಬೇಕು, ಅಲ್ವಾ?" ಎಂದಳು ದೊಡ್ಡಮ್ಮ.

ಅವನು ಬಾಗಿಲ ಕಡೆ ನೋಡಿದ. ಒಡತಿ ನಿಧಾನವಾಗಿ ಎದ್ದು ನಿಂತಳು. "ಅವತ್ತು ಸಂಜೆ ನೀನು ನನ್ನ ಹತ್ರ ಬಂದು, ಪರೀಕ್ಷಕರು ಎಲ್ಲ ಸರಿ ಇದೆ ಅಂದ್ರು, ಬಿಡುಗಡೆ ಮಾಡೋಣ ಅಂದೆಯಲ್ಲೋ."

"ತಾರೀಕು ಕೊಟ್ಟಾಗಿತ್ತು ಅಕ್ಕ. ಊರೆಲ್ಲ ಡಂಗುರ ಹೊಡೆದಿದ್ದೆ. ಇನ್ನೊಮ್ಮೆ ಮುಂದೂಡಿದ್ರೆ ನನ್ನ ಮಾತಿಗೆ ಯಾವ ಬೆಲೆ ಉಳೀತಿತ್ತು?" ಅವನು ಕುಸಿದು ಕೂತ. "ವರದಿಯ ಎರಡು ಪ್ರತಿ ಕೊಟ್ಟಿದ್ರು. ಒಂದು ನನಗೆ, ಒಂದು ನಿನಗೆ. ಎರಡನ್ನೂ ನಾನೇ ಇಟ್ಕೊಂಡೆ. ನಿನಗೆ ತಲುಪಿಲ್ಲ ಅಂತ ಮೊನ್ನೆ ಅವರಿಗೆ ಗೊತ್ತಾಯ್ತು. ನಿನ್ನ ಹತ್ರ ಹೇಳ್ತೀನಿ ಅಂತ ಹೊರಟ್ರು. ಮೆಟ್ಟಿಲ ಮೇಲೆ ತಡೆದೆ, ತಳ್ಳಾಟ ಆಯ್ತು. ಬೀಳಿಸಬೇಕು ಅಂತ ತಳ್ಳಲಿಲ್ಲ ಅಕ್ಕ."

"ತಳ್ಳಾಟ ಅಷ್ಟರಲ್ಲೇ ಮುಗೀತು," ಎಂದಳು ದೊಡ್ಡಮ್ಮ. "ಆಮೇಲಿನದ್ದು ಯೋಚಿಸಿ ಮಾಡಿದ್ದು. ನಿನ್ನ ಮೇಜಿಗೆ ಹೋಗಿ, ವರದಿಯ ತಲೆಬರಹ ಕತ್ತರಿಸಿ, ರಕ್ತ ಸುರೀತಿದ್ದ ಮನುಷ್ಯನ ಎದೆ ಮೇಲೆ ಚಿತ್ರ ಇಟ್ಟು, ಹಿಂಬಾಗಿಲು ತೆಗೆದಿಟ್ಟೆ. ಎರಡನೇ ಪ್ರತಿ, ಅಡಿಯಲ್ಲಿ ಬೆದರಿಕೆ ಅಚ್ಚಾಗಿ, ಅಕ್ಕನ ಚೀಲಕ್ಕೆ ಹೋಯ್ತು. ಅವಳು ಊರು ಬಿಟ್ರೆ ಪರೀಕ್ಷಕರಿಗೆ ಎಚ್ಚರ ಆದಾಗ ಕೇಳೋಕೆ ಇಲ್ಲಿ ಯಾರೂ ಇರಲ್ಲ."

ಒಡತಿ ತಮ್ಮನ ಎದುರು ಹೋಗಿ ನಿಂತಳು. "ಇವತ್ತು ಬೆಳಗ್ಗೆ ಚೀಲ ತೆಗೆದು ನಾನು ಕಿರುಚಿದಾಗ ನೀನು ಪಕ್ಕದಲ್ಲೇ ಇದ್ದೆ. ನನ್ನ ಕೈ ನಡುಗೋದು ನೋಡಿದೆಯಾ?"

"ನೋಡಿದೆ ಅಕ್ಕ."

"ನೀರು ಕುಡಿಸಿದೆಯಲ್ಲೋ."

ಪೊಲೀಸರಿಗೆ ಫೋನ್ ಮಾಡಿದ್ದು ಅವಳೇ. ಅವರು ಅವನನ್ನು ಕರೆದೊಯ್ದ ಮೇಲೆ, ಆಟದ ಮಾರಾಟ ಇಂದೇ ನಿಲ್ಲಬೇಕೆಂದು ಪ್ರೋಗ್ರಾಮರಿಗೆ ಹೇಳಿ, ನಮ್ಮಿಬ್ಬರನ್ನೂ ಆಸ್ಪತ್ರೆಗೆ ಜೊತೆಗೆ ಬರುವಂತೆ ಕೇಳಿಕೊಂಡಳು.

ಪರೀಕ್ಷಕರ ಹೆಂಡತಿ ಮೂರು ದಿನದಿಂದ ಮಂಚದ ಪಕ್ಕ ಬಿಟ್ಟು ಕದಲಿರಲಿಲ್ಲ. ಒಡತಿ ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ, "ತಳ್ಳಿದವನು ನನ್ನ ತಮ್ಮ. ಇವರು ಮಾತಾಡಬೇಕು ಅಂತ ಬರ್ತಿದ್ದಿದ್ದು ನನ್ನ ಹತ್ರ," ಎಂದಳು. ಆ ಹೆಂಗಸು ಅವಳ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂದುಕೊಂಡೆ. ಅವಳು ಮಂಚದ ಕೆಳಗಿನಿಂದ ಇನ್ನೊಂದು ಸ್ಟೂಲು ಎಳೆದಳು.

"ಕೂತ್ಕೊಳ್ಳಿ. ಆಗಾಗ ಬೆರಳು ಆಡಿಸ್ತಿದ್ದಾರೆ," ಎಂದಳು. "ಎಚ್ಚರ ಆದಾಗ ನೀವೇ ಕೇಳಿಸ್ಕೊಳ್ಳಿ."