ಬೂದು ಕೋಟಿನ ಬಲತೋಳು

"ಇದನ್ನ ಕತ್ತರಿಸಿದ್ದು ಯಾರು?"

ದರ್ಜಿ ಹುಡುಗಿ ಬೂದು ಉಣ್ಣೆಯ ಎರಡು ತುಂಡು ಹಿಡಿದು ಎದುರಿನ ಇಸ್ತ್ರಿ ಅಂಗಡಿಗೆ ನುಗ್ಗಿದಾಗ, ನಾಲ್ಕು ದಿನದ ಜ್ವರ ಅವಳನ್ನು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕೋಪ ಮಾತ್ರ ನೆತ್ತಿಗೇರಿತ್ತು.

ಇಸ್ತ್ರಿಯವನು ಕೈಲಿದ್ದ ಬಿಸಿ ಪೆಟ್ಟಿಗೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟ. "ನಾನೇ. ನಿಮ್ಮಕ್ಕ ಅಂಗಡಿ ಬೀಗದ ಕೈ ಕೊಟ್ರು. ನೀನು ಏಳೋಷ್ಟರಲ್ಲಿ ಕತ್ತರಿಸೋ ಕೆಲಸ ಆದ್ರೂ ಮುಗಿದಿರಲಿ ಅಂತ..."

"ಅಂತ ನನ್ನ ಹೊಟ್ಟೆ ಮೇಲೆ ಹೊಡೆದ್ಯಾ?"

ಅವನ ಕೈ ಹಿಡಿದೆಳೆದು ಕೋಟಿನ ಬೆನ್ನಿನ ತುಂಡಿನ ಮೇಲಿಟ್ಟಳು. "ಸವರು. ಮೇಲಿಂದ ಕೆಳಕ್ಕೆ. ಹೇಗಿದೆ?"

"ನುಣುಪಾಗಿದೆ."

"ಈಗ ಈ ಬಲತೋಳು ಸವರು."

ಅವನ ಮುಖ ಇಳಿದುಹೋಯಿತು. "ಒರಟು."

"ಉಣ್ಣೆಗೂ ಒಂದು ದಿಕ್ಕಿರುತ್ತೆ ಕಣೋ! ಎಲ್ಲ ತುಂಡೂ ಒಂದೇ ಕಡೆ ಮುಖ ಮಾಡಿರ್ಬೇಕು. ತೋಳನ್ನ ತಲೆಕೆಳಗು ಮಾಡಿ ಕತ್ತರಿಸಿದ್ದೀಯ. ಬೆಳಕಿಗೆ ಹಿಡಿದ್ರೆ ಬಣ್ಣವೇ ಬೇರೆ!"

"ಹಾಗಿಟ್ರೆ ಬಟ್ಟೆ ಉಳಿಯುತ್ತೆ ಅಂದ್ಕೊಂಡೆ, ಮೆಣಸಿನಕಾಯಿ."

"ಆ ಹೆಸರು ಎತ್ತಬೇಡ!"

ಅವನ ಅಂಗೈ ಬೆಚ್ಚಗಿತ್ತು. ಅದು ತನ್ನ ಗಮನಕ್ಕೆ ಬಂದದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಕೈ ಬಿಟ್ಟಳು.

ಕೋಟು ಶಾಲೆಯ ಹೆಡ್ ಮೇಡಂ ಅವರದು. ನಾಡಿದ್ದು ಕೊಡಬೇಕು. ಒಂಬತ್ತು ಚಳಿಗಾಲದಲ್ಲಿ ಒಂದೇ ಒಂದು ದಿನವೂ ಅವಳ ಮಾತು ತಪ್ಪಿರಲಿಲ್ಲ. ಮಂದಿಯೆಲ್ಲ ಕಂಬಳಿಯೊಳಗೆ ಮುದುಡಿ ಮಲಗುವ ಕಾಲದಲ್ಲಿ ಇವಳಿಗೆ ಹೊಲಿಗೆಯ ಕೆಲಸದಲ್ಲಿ ನಿದ್ದೆಯೇ ಇರುತ್ತಿರಲಿಲ್ಲ. ಬೀದಿಗೆಲ್ಲ ಬೆಚ್ಚಗೆ ಹೊದಿಸುವವಳ ಕಾಲು ಮಾತ್ರ ಸದಾ ತಣ್ಣಗೆ. ಆದರೂ ಮಾತು ತಪ್ಪದವಳು ಅನ್ನುವ ಹೆಸರೊಂದೇ ಅವಳ ಆಸ್ತಿ, ಅದಕ್ಕೇ ಈ ಮಹಾರಾಯ ಕತ್ತರಿ ಹಾಕಿದ್ದ.

"ಜ್ವರ ನನ್ನದು, ಬಟ್ಟೆ ನನ್ನದು. ಮಧ್ಯೆ ನಿನ್ನದೇನು?"

"ನೀನು ನನ್ನವಳು ಅಂದ್ಕೊಂಡಿದ್ದೆ." ಅವನು ನೆಲ ನೋಡಿದ. "ತಪ್ಪಾಯ್ತು. ಕತ್ತರಿಸೋ ಮೊದ್ಲೂ ಕೇಳಬೇಕಿತ್ತು, ಹಾಗೆ ಅಂದ್ಕೊಳ್ಳೋ ಮೊದ್ಲೂ."

ಆರು ವರ್ಷದಿಂದ ಬೀದಿಯಾಚೆಗಿಂದ ಕದ್ದು ನೋಡುವವನಿಗೆ ಹೇಳಲು ಇವತ್ತೇ ಸಿಕ್ಕಿತೇ ಮುಹೂರ್ತ? ಅವನ ಕಡೆ ತಿರುಗದೆ ಅಲ್ಲೇ ನಿಂತು ಹೆಡ್ ಮೇಡಂಗೆ ಫೋನ್ ಮಾಡಿದಳು.

"ಮೇಡಂ, ಕೋಟು ನಾಡಿದ್ದು ಆಗಲ್ಲ. ತೋಳು ಹಾಳಾಗಿದೆ. ಬೇರೆ ಬಟ್ಟೆ ನಾನೇ ತರಿಸ್ತೀನಿ. ಒಂದು ತಿಂಗಳು ಹಿಡಿಯುತ್ತೆ."

"ಅಯ್ಯೋ, ಅದಕ್ಯಾಕಮ್ಮ ಇಷ್ಟು ಗಾಬರಿ? ನನ್ನ ಹಳೇ ಕೋಟು ಗಟ್ಟಿಮುಟ್ಟಾಗೇ ಇದೆ. ನಿನ್ನ ದನಿ ಯಾಕೋ ಸರಿಯಿಲ್ಲ, ಮೊದ್ಲು ಹೋಗಿ ಮಲಕ್ಕೋ."

ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಕಣ್ಣಲ್ಲಿ ನೀರಿನ ಧಾರೆ, ಅದೂ ಸಿಟ್ಟಿನದೇ. "ಒಂಬತ್ತು ವರ್ಷ! ಅಪ್ಪ ತೀರಿಕೊಂಡ ವಾರವೂ ಕೂತು ಹೊಲಿದೆನಲ್ಲೋ! ಒಂದು ಮಾತು ಆಗಲ್ಲ ಅಂದಿದ್ರೆ ಸಾಕಾಗಿತ್ತಾ? ಈಗ ಯಾರನ್ನ ಬೈಲಿ ನಾನು?"

"ಸದ್ಯಕ್ಕೆ ನಾನಿದ್ದೀನಲ್ಲ."

ಅಳುವಿನ ನಡುವೆಯೇ ನಗು ಉಕ್ಕಿತು. ತುಟಿ ಕಚ್ಚಿಕೊಂಡು ಅದನ್ನು ತಡೆದಳು. ಆದರೆ ಅವನು ನೋಡಿಬಿಟ್ಟಿದ್ದ. ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆದು ಅವಳಿಗೆ ಜಾಗ ಮಾಡಿದ.

"ನಗಬೇಡ. ಕೋಪ ಇನ್ನೂ ಇಳಿದಿಲ್ಲ," ಎನ್ನುತ್ತಾ ಕುಳಿತಳು.

"ಯಾವಾಗ ಇಳಿಯುತ್ತೆ?"

"ಚಳಿಗಾಲ ಮುಗಿಯೋವರೆಗೂ ಇಳಿಯಲ್ಲ. ಅಂಗಡಿನೂ ತೆಗೆಯಲ್ಲ. ಮೇಡಂ ಕೋಟೊಂದು ಮನೇಲೇ ಹೊಲಿದುಕೊಡ್ತೀನಿ."

"ಹಾಗಾದ್ರೆ ದಿನಾ ಮನೆಗೆ ಬಂದು ಬೈಸ್ಕೋತೀನಿ. ಬರ್ಲಾ? ಈ ಸಲ ಕೇಳ್ತಿದ್ದೀನಿ."

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಶಾಲು ಎಳೆದುಕೊಂಡು ಎದ್ದಳು.

"ಬಾ. ಹತ್ತು ಗಂಟೆಗೆ ಮುಂಚೆ ಮಾತ್ರ ಬರಬೇಡ. ಮಲಗಿರ್ತೀನಿ."