ಹಳೆಯ ಆಟದ ಬೆರಳುಗಳು

ಶಟರ್ ಪೂರ್ತಿ ಇಳಿದಿರಲಿಲ್ಲ. ಅಡಿಯಲ್ಲಿ ಒಂದು ಕೈ ಸಿಕ್ಕಿಕೊಂಡಿತ್ತು.

ವಿಶಾಖಪಟ್ಟಣದ ದ್ವಾರಕಾನಗರದಲ್ಲಿ ನೆಟ್ ಸೆಂಟರ್ ಇಟ್ಟಿದ್ದ ಲಿಂಗರಾಜು ಸಂಜೆ ಟಿಫಿನ್ ಮುಗಿಸಿ ಬಂದಾಗ ಕರೆಂಟ್ ಹೋಗಿತ್ತು. ಶಟರ್ ಎತ್ತಿದರೆ, ಅಂಗಡಿ ನೋಡಿಕೊಳ್ಳಲು ಬಿಟ್ಟುಹೋಗಿದ್ದ ಹುಡುಗ ಸುಮಂತ್ ಪ್ರಜ್ಞೆ ತಪ್ಪಿ ಬಿದ್ದಿದ್ದ. ತಲೆಯ ಹಿಂದೆ ಪೆಟ್ಟು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಹುಡುಗನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಶಟರನ್ನು ಮತ್ತೆ ಮತ್ತೆ ಎಳೆದಿದ್ದರು.

"ಎರಡು ಬೆರಳು ಇನ್ನು ಮಡಚೋದಿಲ್ಲ," ಎಂದರು ಡಾಕ್ಟರು.

ಸುಮಂತನ ಅಕ್ಕ ಹೇಮಾಕ್ಷಿ ಅಳಲಿಲ್ಲ. ಪರವಾಡದ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪರೀಕ್ಷಿಸುವುದು ಅವಳ ಕೆಲಸ. ತಮ್ಮ ಅವಳ ಮನೆಯಲ್ಲಿದ್ದೇ ಇಂಜಿನಿಯರಿಂಗ್ ಓದುತ್ತಿದ್ದ. ಇದನ್ನು ಮಾಡಿದವನನ್ನು ಸುಮ್ಮನೆ ಬಿಟ್ಟರೆ ನಾನು ಮಂಡ್ಯದವಳೇ ಅಲ್ಲ ಎಂದುಕೊಂಡಳು. ಹಿಡಿದುಕೊಟ್ಟರೆ ಸಾಲದು, ಅವನಿಗೂ ಇಷ್ಟೇ ನೋವಾಗಬೇಕು.

*

ಸಬ್ ಇನ್ಸ್‌ಪೆಕ್ಟರ್ ದುರ್ಗಾಪ್ರಸಾದ್ ಹಿಂದೂಪುರದವರು. ಕನ್ನಡ ಚೆನ್ನಾಗಿ ಬರುತ್ತಿತ್ತು.

"ಶತ್ರುಗಳು ಯಾರಮ್ಮಾ ನಿಮ್ಮ ಹುಡುಗನಿಗೆ?"

"ಗೇಮ್ ಬಿಟ್ರೆ ಅವನಿಗೆ ಬೇರೆ ಲೋಕಾನೇ ಇಲ್ಲ ಸಾರ್."

"ಹಂಗಾದ್ರೆ ಶತ್ರೂನೂ ಅಲ್ಲೇ ಇರ್ತಾನೆ."

2004ರ ಮಾತು. ಊರಿನ ಹುಡುಗರೆಲ್ಲ ಕೌಂಟರ್ ಸ್ಟ್ರೈಕ್ ಎಂಬ ಬಂದೂಕಿನ ಆಟಕ್ಕೆ ಬಿದ್ದಿದ್ದರು. ಈ ಕಡೆ ಐದು ಜನ, ಆ ಕಡೆ ಐದು ಜನ, ನಡುವೆ ಕಂಪ್ಯೂಟರಿನೊಳಗೆ ಯುದ್ಧ. ಸುಮಂತ್ ವೈಜಾಗ್ ತಂಡದ ನಾಯಕ. ಭಾನುವಾರ ವಿಜಯವಾಡದ ತಂಡದೊಡನೆ ಪಂದ್ಯವಿತ್ತು. ಹೋದ ಸಲ ಸೋತಾಗ ಆ ತಂಡದ ಪೃಥ್ವೀರಾಜ್ ಎಲ್ಲರೆದುರು ಕೂಗಾಡಿದ್ದ, ನಿನ್ನ ಕೈ ಮುರೀತೀನಿ ಅಂತ. ಘಟನೆಯ ಸಂಜೆ ಅವನು ವೈಜಾಗಿನಲ್ಲೇ ಇದ್ದ. ದುರ್ಗಾಪ್ರಸಾದ್ ಅವನನ್ನು ಎತ್ತಿಹಾಕಿಕೊಂಡು ಬಂದರು.

ಸುಮಂತನ ತಂಡದವರನ್ನೂ ವಿಚಾರಿಸಿದ್ದಾಯಿತು. ಮಾಜಿ ನಾಯಕ ನಂದೀಶ್ ಮಾತ್ರ ಅಂದು ಊರಲ್ಲಿರಲಿಲ್ಲ. ನೇವಿಯವರ ಮಗ, ಕನ್ನಡದ ಹುಡುಗ, ಸುಮಂತನಿಗೆ ಆಟ ಕಲಿಸಿದವನು. ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟಕ್ಕೆ ಹೋಗಿ ದುರ್ಗಮ್ಮನ ದರ್ಶನ ಮಾಡಿ, ಸಂಜೆಯೆಲ್ಲ ಅಲ್ಲಿನ ನೆಟ್ ಸೆಂಟರಿನಲ್ಲಿ ಅಭ್ಯಾಸ ಮಾಡುತ್ತಿದ್ದೆ ಎಂದ. ಆಡಿದ್ದನ್ನು ರೆಕಾರ್ಡ್ ಮಾಡಿಟ್ಟು ಆಮೇಲೆ ತಪ್ಪು ಹುಡುಕುವುದು ಈ ಹುಡುಗರ ಪದ್ಧತಿ. ಆ ಸಿಡಿಯನ್ನು ನಂದೀಶನೇ ತಂದುಕೊಟ್ಟ. ಸೆಂಟರಿನವನೂ ಫೋನಿನಲ್ಲಿ ಹೌದೆಂದ. ವಿಜಯವಾಡ ಎಂದರೆ ಆರು ತಾಸಿನ ರೈಲು ದಾರಿ. ಅವನ ಮೇಲೆ ಅನುಮಾನ ಪಡಲು ಏನೂ ಉಳಿಯಲಿಲ್ಲ.

*

ಹೇಮಾಕ್ಷಿ ಲಾಕಪ್ಪಿಗೆ ಹೋದದ್ದು ಪೃಥ್ವೀರಾಜನ ಮುಖಕ್ಕೆ ಉಗಿಯಲು.

ಅವನದು ಎರಡು ತಲೆಮಾರಿನಿಂದ ವಿಜಯವಾಡದಲ್ಲಿರುವ ಕನ್ನಡದ ಮನೆ, ಮಾತಿನ ತುದಿಗೆ ತೆಲುಗಿನ 'ಅಂಡಿ' ಅಂಟಿಕೊಂಡಿತ್ತು. "ನಾನು ಬಾಯಿ ಹರ್ಕ, ಒಪ್ಕೊಂತೀನಂಡಿ," ಎಂದ. "ಆದ್ರೆ ಸುಮಂತ್ ಇಲ್ದೆ ಗೆದ್ರೆ ಅದು ಗೆಲುವೇನಂಡಿ? ನಂಗೆ ಅವನನ್ನೇ ಸೋಲಿಸ್ಬೇಕಿತ್ತು. ಇನ್ನು ಆ ನಂದೀಶ್ ಜೊತೆ ಆಡ್ಬೇಕು, ಕರ್ಮ."

"ಯಾಕೆ, ಅವನು ಚೆನ್ನಾಗಿ ಆಡಲ್ವಾ?"

"ಹಳೇ ಗೇಮಲ್ಲಿ ಅವನೇ ರಾಜ. ಹೊಸ ವರ್ಷನ್ನಲ್ಲಿ ಗನ್ ಕೊಳ್ಳೋಕೆ ಕೀಬೋರ್ಡಲ್ಲಿ ಒತ್ತೋ ನಂಬರ್‌ಗಳೇ ಬದ್ಲಾದ್ವು. ಮೊದ್ಲು ನಾಲ್ಕು, ಒಂದು ಒತ್ತಿದ್ರೆ ಎಕೆ-47 ಬರ್ತಿತ್ತು, ಒಳ್ಳೇ ಗನ್. ಈಗ ಅದೇ ಒತ್ತಿದ್ರೆ ಗೆಲಿಲ್ ಬರುತ್ತೆ, ಚೀಪ್ ಗನ್. ಅವನು ಇವತ್ತಿಗೂ ಅದನ್ನೇ ಒತ್ತೋದು. ಬೈಕೊಂಡು ಬಿಸಾಕೋದು. ನಮ್ಗೆ ಅದೇ ಕಾಮಿಡಿಯಂಡಿ."

ಹೇಮಾಕ್ಷಿ ಉಗಿಯಲಿಲ್ಲ. ದುರ್ಗಾಪ್ರಸಾದರಿಂದ ನಂದೀಶನ ಸಿಡಿ ಕೇಳಿ ಪಡೆದು, ನೇರ ಲಿಂಗರಾಜುವಿನ ಸೆಂಟರಿಗೆ ಹೋಗಿ ಹಾಕಿಸಿ ಕೂತಳು. ಸುತ್ತಿನ ಮೇಲೆ ಸುತ್ತು ನೋಡಿದಳು. ನಂದೀಶನ ಹೆಸರಿನಲ್ಲಿ ಆಡಿದವನು ಒಂದು ಸಲವೂ ತಪ್ಪು ಬಂದೂಕು ಕೊಂಡಿರಲಿಲ್ಲ. ಕಾರ್ಖಾನೆಯ ಲ್ಯಾಬಿನಲ್ಲಿ ಒಂದಿಷ್ಟೂ ಏರುಪೇರಿಲ್ಲದ ರಿಸಲ್ಟ್ ಬಂದರೆ ಸುಳ್ಳಿರಬಹುದೆಂದು ಅವಳು ಮೊದಲು ಪರೀಕ್ಷೆ ಮಾಡಿದವನನ್ನೇ ಕರೆಸುತ್ತಿದ್ದಳು.

*

"ಸುಮಂತನ ಜಾಗದಲ್ಲಿ ನೀನೇ ಆಡ್ಬೇಕಂತೆ. ಒಂದಾಟ ತೋರ್ಸಪ್ಪ, ಅವನಿಗೆ ಹೋಗಿ ಹೇಳ್ತೀನಿ," ಎಂದಳು ಹೇಮಾಕ್ಷಿ.

ಲಿಂಗರಾಜುವಿನ ಸೆಂಟರಿನಲ್ಲಿ ನಂದೀಶ್ ಖುಷಿಯಿಂದ ಕೂತ. ತಂಡದ ಹುಡುಗರು ಸುತ್ತ ನಿಂತರು. ಮಫ್ತಿಯಲ್ಲಿದ್ದ ದುರ್ಗಾಪ್ರಸಾದ್ ಹಿಂದಿನ ಕುರ್ಚಿಯಲ್ಲಿ ಮುಖಕ್ಕೆ ಅಡ್ಡವಾಗಿ ಪೇಪರ್ ಹಿಡಿದಿದ್ದರು.

ನಾಲ್ಕು, ಒಂದು. ಗೆಲಿಲ್ ಬಂತು. ನಂದೀಶ್ ಬೈದು ಬಿಸಾಕಿದ. ಮುಂದಿನ ಸುತ್ತಿನಲ್ಲಿ ಎಚ್ಚರದಿಂದ ಸರಿಯಾಗಿ ಒತ್ತಿದ. ಆಟ ಬಿಸಿಯೇರಿದ ಮೇಲೆ ಮತ್ತೆ ಗೆಲಿಲ್. ಮತ್ತೆ ಬೈಗುಳ.

ಹೇಮಾಕ್ಷಿ ಪಕ್ಕದ ಕಂಪ್ಯೂಟರಿನಲ್ಲಿ ಅವನದೇ ಸಿಡಿ ಹಾಕಿದಳು. "ಇಲ್ಲಿ ಒಂದ್ಸಲಾನೂ ತಪ್ಪಿಲ್ವಲ್ಲ ನಂದೀಶ. ಆವತ್ತೊಂದು ಸಂಜೆ ಮಾತ್ರ ನಿನ್ನ ಬೆರಳಿಗೆ ಬುದ್ಧಿ ಬಂದಿತ್ತಾ?"

"ಅದು... ಆವತ್ತು ಹುಷಾರಾಗಿ ಆಡ್ದೆ."

"ಆಡಿದ್ದು ನಿನ್ನ ವಿಜಯವಾಡದ ಫ್ರೆಂಡು." ದುರ್ಗಾಪ್ರಸಾದ್ ಪೇಪರ್ ಮಡಚಿದರು. "ಅಲ್ಲಿ ಪ್ಲೈವುಡ್ ಕ್ಯಾಬಿನ್, ಕರ್ಟನ್ ಬೇರೆ. ಸೆಂಟರಿನವನು ನಿನ್ನ ಹೆಸರು ನೋಡಿದ್ನೇ ಹೊರತು ಮುಖ ನೋಡ್ಲಿಲ್ಲ. ನೀನು ಬೆಳಗ್ಗೆ ರೈಲು ಹತ್ತಿ ಇಲ್ಲಿಗೆ ಬಂದೆ. ರಾತ್ರಿ ವಾಪಸ್ ಹೋದೆ. ಈಯಮ್ಮ ಅನುಮಾನ ಹೇಳಿದ್ಮೇಲೆ ನಮ್ಮೋರು ಅಲ್ಲಿಗೆ ಹೋಗಿ ಕೇಳಿದ್ರು, ಫ್ರೆಂಡು ಬಾಯಿ ಬಿಟ್ಟಾಯ್ತು."

ಕೀಬೋರ್ಡಿನ ಮೇಲಿದ್ದ ಕೈಯನ್ನು ನಂದೀಶ್ ತೆಗೆಯಲೇ ಇಲ್ಲ.

"ಎರಡು ವರ್ಷ ಈ ಊರಲ್ಲಿ ನನ್ನನ್ನ ಯಾರೂ ಸೋಲಿಸಿರ್ಲಿಲ್ಲ," ಎಂದ. "ಎಲ್ಲೋ ಕೂತವ್ರು ಗೇಮನ್ನೇ ಬದಲಾಯಿಸಿಬಿಟ್ರು. ಸುಮಂತ್ ವಾರದಲ್ಲಿ ಕಲ್ತ. ಮೌಸ್ ಹಿಡಿಯೋದು ಹೇಳಿಕೊಟ್ಟವನು ನಾನು. ನನ್ನನ್ನೇ ಇಳಿಸಿ ಅವನನ್ನ ಕ್ಯಾಪ್ಟನ್ ಮಾಡಿದ್ರು. ಮೇಲಿಂದ ನನ್ನ ನೋಡಿ ಪಾಪ ಅಂದ ಅಕ್ಕಾ ಅವನು. ಪಾಪ ಅಂದ."

ಹುಡುಗರಲ್ಲೊಬ್ಬ ಕೈಯೆತ್ತಿ ಬಂದ. ದುರ್ಗಾಪ್ರಸಾದ್ ತಡೆದರು.

"ಅಕ್ಕಾ, ಕೇಸ್ ಹಾಕಿ, ಜೈಲಿಗೆ ಹಾಕಿ," ನಂದೀಶ್ ಅವಳ ಕಾಲು ಹಿಡಿದ. "ಸುಮಂತನಿಗೆ ಮಾತ್ರ ನಾನು ಅಂತ ಹೇಳ್ಬೇಡಿ. ಕೈ ಮುಗೀತೀನಿ."

ಇವನಿಗೆ ನೋಯುವ ಜಾಗ ಕೊನೆಗೂ ಸಿಕ್ಕಿತು ಎಂದು ಹೇಮಾಕ್ಷಿಗೆ ಸಂತೋಷವೇ ಆಯಿತು.

"ಸಾರ್, ಸ್ಟೇಷನ್ನಿಗೆ ಹೋಗೋ ದಾರೀಲಿ ಆಸ್ಪತ್ರೆ ಹತ್ರ ಜೀಪು ನಿಲ್ಲಿಸ್ತೀರಾ?"

*

ವಾರ್ಡಿನ ಬಾಗಿಲಲ್ಲಿ ನಂದೀಶನನ್ನು ಕಂಡದ್ದೇ ಸುಮಂತ್ ಎದ್ದು ಕೂತ. ಅಷ್ಟು ದಿನದಲ್ಲಿ ಮೊದಲ ಸಲ ನಕ್ಕ. "ನಂದಣ್ಣ, ಬಂದ್ಯಾ? ಭಾನುವಾರ ಹೆದರ್ಬೇಡ. ನಿನ್ನ ಹಿಂದೆ ಕೂತು ನಂಬರ್ ಹೇಳ್ತಿರ್ತೀನಿ, ಒತ್ತಿದ್ರಾಯ್ತು."

ಹೇಮಾಕ್ಷಿ ಒಂದು ಗಳಿಗೆ ತಡೆದಳು. ಆಮೇಲೆ ಹೇಳಿಬಿಟ್ಟಳು. ಹೇಳುವಾಗ ಅವಳ ಕಣ್ಣಿದ್ದದ್ದು ನಂದೀಶನ ಮುಖದ ಮೇಲೆ. ಅದು ಕುಸಿಯುವುದನ್ನು ಪೂರ್ತಿ ನೋಡಬೇಕಿತ್ತು ಅವಳಿಗೆ, ನೋಡಿದಳು.

ಅಳುವ ಸದ್ದು ಮಾತ್ರ ಹಾಸಿಗೆಯ ಕಡೆಯಿಂದ ಬಂತು.