ವಕ್ರಜಟನ ಗೋಡೆಯ ಜಿಂಕೆ

ಬಹಳ ಬಹಳ ಹಿಂದೆ, ಹೊನ್ನರಳಿ ಎಂಬ ರಾಜ್ಯದಲ್ಲಿ ಸಂಪಗಿ ಎಂಬ ಹೆಣ್ಣುಮಗಳಿದ್ದಳು. ಮರದ ಬೊಂಬೆಗಳಿಗೆ ಬಣ್ಣ ಕೊಡುವುದು ಅವಳ ಕಸುಬು. ತಾನು ಬಣ್ಣ ಕೊಟ್ಟ ಗಿಣಿಗಳನ್ನು ಬೆಕ್ಕುಗಳು ಕಚ್ಚಿಕೊಂಡು ಓಡುತ್ತವೆ ಎಂದು ಅವಳೇ ಊರಿಗೆಲ್ಲ ಹೇಳುತ್ತಿದ್ದಳು. ಬೆಕ್ಕುಗಳು ಇದನ್ನು ಅಲ್ಲಗಳೆದಿರಲಿಲ್ಲ.

ಅವಳ ತಮ್ಮ ಕೆಂಚ ಬೊಂಬೆಗೆ ಮರ ತರಲು ವಕ್ರಜಟನೆಂಬ ಮಾಂತ್ರಿಕನ ಕಾಡಿಗೆ ಹೊಕ್ಕ. ವಕ್ರಜಟ ಅವನನ್ನು ಜಿಂಕೆ ಮಾಡಿದ. ಉಸಿರನ್ನು ತಾಮ್ರದ ಗಿಂಡಿಯಲ್ಲಿ ಹಿಡಿದಿಟ್ಟ. ತಲೆಯ ತೊಗಲಿಗೆ ಹೊಟ್ಟು ತುಂಬಿ, ಗಾಜಿನ ಕಣ್ಣಿಟ್ಟು, ಗೋಡೆಗೆ ನೇತುಹಾಕಿದ.

ಸುದ್ದಿ ಕೇಳಿದ ಸಂಪಗಿ ಬಣ್ಣದ ಪೆಟ್ಟಿಗೆ ಎತ್ತಿಕೊಂಡು ನೇರ ಅವನ ಕೋಟೆಗೆ ಹೋದಳು.

"ನನ್ನ ತಮ್ಮನನ್ನು ಕೊಡು."

"ಕರಕೊಂಡು ಹೋಗಮ್ಮ, ಯಾರು ಬೇಡ ಅಂದೋರು?" ಎಂದ ವಕ್ರಜಟ. "ತೊಗಲು ಒಣಗಿ ಬಣ್ಣ ಹೋಗಿದೆ. ನೀನು ಅದನ್ನು ಪೂರ್ತಿ ಮಾಡು. ನನ್ನ ಮೂರು ಪ್ರಾಣಿಗಳೂ ಅದಕ್ಕೆ ಜೀವವಿದೆ ಎಂದು ನಂಬಿದರೆ ಗಿಂಡಿ ಒಡೆಯುತ್ತೆ, ನನ್ನ ಮಂತ್ರವೂ ಮುರಿಯುತ್ತೆ. ಒಂದು ನಂಬದಿದ್ದರೂ ನೀನೂ ಗೋಡೆಗೇ."

ಮಾಂತ್ರಿಕರಿಗೆ ಇಂಥ ಪಣ ಒಡ್ಡುವ ಚಟ. ಗೆದ್ದು ಗೆದ್ದು ಬುದ್ಧಿ ಮಂಕಾಗಿರುತ್ತದೆ.

"ಬಂದಳಪ್ಪ ಇನ್ನೊಬ್ಬಳು," ಎಂದಿತು ಗೋಡೆಯ ಮೇಲಿನ ಕಾಡುಕೋಣದ ತಲೆ. ಅದು ಮೊದಲು ಅರಮನೆಯ ಚಿತ್ರಗಾರನಾಗಿತ್ತು.

"ಬೊಂಬೆಯವಳಂತೆ. ನನ್ನ ಪಕ್ಕದ ಮೊಳೆ ಖಾಲಿ ಇದೆ," ಎಂದಿತು ಕಾಡುಹಂದಿಯ ತಲೆ. ಅದು ಪಲ್ಲಕ್ಕಿಗಳಿಗೆ ಮೆರುಗೆಣ್ಣೆ ಹಚ್ಚುತ್ತಿದ್ದವನದು.

ಸಂಪಗಿ ಮೊದಲು ಕಣ್ಣಿಗೆ ಕೈಹಾಕಿದಳು. ಒಣಗಿದ ತೊಗಲು ಹಿಂದಕ್ಕೆ ಸರಿದು ಗಾಜಿನ ಸುತ್ತ ಸಂದು ಬಿಟ್ಟಿತ್ತು. ಜೇನುಮೇಣ ಮಿದ್ದಿ ಸಂದು ತುಂಬಿ, ರೆಪ್ಪೆಯ ಅಂಚನ್ನು ತಿದ್ದಿದಳು. ಮೇಣ ಬಿಗಿದ ಮೇಲೆ ಗಾಢ ಕಂದು ಹಚ್ಚಿದಳು. ಅಭ್ಯಾಸಬಲದಿಂದ ಕೈ ಬಿಳಿ ಬಣ್ಣದ ಕಡೆ ಹೋಯಿತು. ತಡೆದುಕೊಂಡಳು. ಬೊಂಬೆಗೆ ಕಣ್ಣಿನ ಬಿಳಿ ಬೇಕು. ಜಿಂಕೆ ಬಿಳಿ ತೋರಿಸುವುದು ಹೆದರಿದಾಗ.

"ನನ್ನ ತಮ್ಮ ಹೆದರಿಲ್ಲ," ಎಂದು ಬಿಳಿಯ ಡಬ್ಬಿ ಮುಚ್ಚಿದಳು.

ಬೆಂಕಿಕೊಕ್ಕಿನ ಹದ್ದು ಬಂತು. ಜಿಂಕೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿತು. ಮೊದಲು ರೆಪ್ಪೆ ಬಡಿದದ್ದು ಹದ್ದೇ.

"ಏನು ಸೊಕ್ಕು ಇದಕ್ಕೆ! ನನ್ನನ್ನೇ ದಿಟ್ಟಿಸ್ತದೆ!" ಎಂದು ಹಾರಿಹೋಯಿತು.

ಆಮೇಲೆ ಮೂಗು.

"ಬರೀ ಕಪ್ಪು ಬಳೀಬೇಡ ತಾಯಿ," ಎಂದಿತು ಕಾಡುಕೋಣ. "ನಾನು ಹಾಗೆ ಮಾಡಿಯೇ ಇಲ್ಲಿಗೆ ಬಂದದ್ದು."

"ಪೂರ್ತಿ ಮೆರುಗೂ ಬೇಡ," ಎಂದಿತು ಹಂದಿ. "ಅದು ನನ್ನ ಕತೆ."

"ಆಗಲಿ ಅಣ್ಣಂದಿರಾ. ಗೋಡೆ ಮೇಲಿರೋರ ಮಾತು ಕೇಳಬೇಕು, ಅವರ ಹಾಗೆ ಮಾಡಬಾರದು," ಎಂದಳು ಸಂಪಗಿ.

ಮೊದಲು ಕಂದು. ಅದು ಆರಿದ ಮೇಲೆ ತೆಳ್ಳಗಿನ ಕಪ್ಪು. ಕುಂಚ ಎಳೆಯಲಿಲ್ಲ, ತಟ್ಟಿ ತಟ್ಟಿ ಕೂರಿಸಿದಳು, ತೊಗಲಿನ ಸಣ್ಣ ಗೆರೆಗಳು ಮುಚ್ಚದ ಹಾಗೆ. ಬಣ್ಣ ಎಲ್ಲಿ ಮುಗಿಯಿತು, ಕೂದಲು ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ಮೆರುಗೆಣ್ಣೆ ಹೊಳ್ಳೆಗಳ ಒಳಗಷ್ಟೇ.

ಬೆಂಕಿಬಾಲದ ನಾಯಿ ಬಂತು. ಮೂಸಿತು, ಹೌಹಾರಿ ಹಿಂದೆ ಸರಿಯಿತು.

"ಥೂ! ಶೀತ ಆಗಿದೆ ಇದಕ್ಕೆ. ಈಗ ಸೀನುತ್ತೆ!" ಎಂದು ಓಡಿತು.

ವಕ್ರಜಟನ ನಗೆ ತುಸು ಕಡಿಮೆಯಾಯಿತು.

ಕೊನೆಗೆ ಕಿವಿಗಳು. ಒಳಗೆ ನೀರಿನಷ್ಟು ತೆಳುವಾದ ನಸುಗೆಂಪು ಹಚ್ಚಿದಳು, ರಕ್ತ ಓಡಾಡುವಂತೆ ಕಾಣಲು. ಕೂದಲಿಗೆ ತಾಗಿದ ಬಣ್ಣ ಒರೆಸಿ, ಕೂದಲು ಬೆಳೆದ ದಿಕ್ಕಿನಲ್ಲೇ ಬಾಚಿದಳು. ಹಿಂದೆ ಸರಿದು ನೋಡಿದಳು. ಚೆನ್ನಾಗಿತ್ತು. ತೀರಾ ಚೆನ್ನಾಗಿತ್ತು.

ಆಗ ಅವಳ ಕೈ ಒಂದು ಕೆಲಸ ಮಾಡಿಬಿಟ್ಟಿತು. ಅವಳ ಮನೆಯಲ್ಲಿ ಮುಗಿದ ಬೊಂಬೆಗೆಲ್ಲ ಹಾಗೆ ಮಾಡುವುದೇ ವಾಡಿಕೆ. ಬೆರಳಲ್ಲಿ ಕಾಡಿಗೆ ತೆಗೆದು ಜಿಂಕೆಯ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು.

"ಅಯ್ಯೋ ಪುಣ್ಯಾತಗಿತ್ತೀ!" ಎಂದಿತು ಕಾಡುಕೋಣ.

ವಕ್ರಜಟ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾವ ಕಾಡಿನ ಜಿಂಕೆಗಮ್ಮ ದೃಷ್ಟಿಬೊಟ್ಟು? ಒರೆಸಬೇಡ, ಮುಟ್ಟಬೇಡ! ಕೈ ತೆಗೆದಾಯ್ತು!"

ಬೆಳ್ಳಿಗೊರಸಿನ ಹೆಣ್ಣುಜಿಂಕೆ ಒಳಗೆ ಬಂತು. ಸಂಪಗಿ ಕತ್ತು ಬಗ್ಗಿಸಲಿಲ್ಲ. ಹೆಣ್ಣುಜಿಂಕೆ ಗೋಡೆಯ ತಲೆಯ ಕಣ್ಣು ನೋಡಿತು, ಮೂಗು ನೋಡಿತು, ಕಿವಿ ನೋಡಿತು. ಕೆನ್ನೆಯ ಬೊಟ್ಟಿನ ಮುಂದೆ ನಿಂತುಬಿಟ್ಟಿತು. ಆಮೇಲೆ ಕತ್ತು ಚಾಚಿ ಆ ಕೆನ್ನೆಯನ್ನು ನೆಕ್ಕತೊಡಗಿತು. ಬೊಟ್ಟು ಪೂರ್ತಿ ಹೋಗುವವರೆಗೂ ಬಿಡಲಿಲ್ಲ.

"ಕೊಳೆ ಕಂಡಿತು, ನೆಕ್ಕಿತು. ಅದರಲ್ಲೇನಿದೆ?" ಎಂದ ವಕ್ರಜಟ.

"ಬೊಂಬೆಯ ಮೇಲಿನ ಕೊಳೆ ಯಾವ ಜಿಂಕೆ ನೆಕ್ಕುತ್ತಪ್ಪ?" ಎಂದಳು ಸಂಪಗಿ. "ಮರಿ ಅಂದುಕೊಂಡರೆ ಮಾತ್ರ ನೆಕ್ಕುತ್ತೆ."

ಗಿಂಡಿ ಠಣ್ ಎಂದು ಒಡೆಯಿತು. ವಕ್ರಜಟ ಹೊಟ್ಟು ತುಂಬದ ತೊಗಲಿನಂತೆ ಕುಗ್ಗಿ, ಸುಕ್ಕಾಗಿ, ನೆಲಕ್ಕೆ ಬಿದ್ದ. ಚಿತ್ರಗಾರ, ಪಲ್ಲಕ್ಕಿಯವನು, ಎಲ್ಲರೂ ಮನುಷ್ಯರಾಗಿ ಧೊಪ್ಪಧೊಪ್ಪನೆ ಇಳಿದರು. ಕೆಂಚ ಉಸಿರೆಳೆದುಕೊಂಡ.

"ಅಕ್ಕಾ, ಮೂಗಿಗೆ ಏನೇ ಹಚ್ಚಿದೀಯ? ಬಿಗೀತಿದೆ."

"ಉಜ್ಜಬೇಡ್ವೋ, ಇನ್ನೂ ಆರಿಲ್ಲ!" ಎಂದು ಸಂಪಗಿ ಅವನನ್ನು ತಬ್ಬಿಕೊಂಡಳು.

ಆಮೇಲೆ ಹೊನ್ನರಳಿಯಲ್ಲಿ ಯಾರೂ ಗೋಡೆಯ ಮೇಲಿರಲಿಲ್ಲ. ಎಲ್ಲರೂ ನೆಲದ ಮೇಲೆ ಕಾಲೂರಿ, ಉಂಡು, ನಕ್ಕು, ಬೇಕಾದಾಗ ಸೀನಿ ಸುಖವಾಗಿದ್ದರು.